ಕಂಡಕ್ಟರ್ ಕಾರು ಕೊಂಡದ್ದು

ಮಾತು ಕಡಿಮೆ ಆಡಿದರೆ ಮಾನ ಉಳಿಯುತ್ತದೆ ಎಂದು ಬಹಳ ಕಾಲ ನಂಬಿದ್ದೆ. ಕಾರು ಕೊಳ್ಳಲು ಹೊರಟ ಮೇಲೆ ಆ ನಂಬಿಕೆ ಹೋಯಿತು. ಬಾಯಿ ಮುಚ್ಚಿಕೊಂಡು ನಿಂತವನಿಗೂ ಆಗುವುದು ಆಗುತ್ತಲೇ ಇರುತ್ತದೆ. ಆದದ್ದರಲ್ಲಿ ಹೇಳಬಹುದಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ನಾನು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಶಿವಮೊಗ್ಗದಿಂದ ಭದ್ರಾವತಿ, ಭದ್ರಾವತಿಯಿಂದ ಶಿವಮೊಗ್ಗ. ಕೆಲಸ ಬಿಟ್ಟ ಮೇಲೂ ಕಾಲು ತಾನಾಗಿ ಬಸ್ ಸ್ಟ್ಯಾಂಡಿನ ಕಡೆಗೇ ಹೋಗುತ್ತಿತ್ತು. ಕಾರಿನ ಯೋಚನೆ ನನ್ನದಲ್ಲ. ನನ್ನ ಹೆಂಡತಿಯ ಮಂಡಿಯದು.

ಅವಳ ಅಕ್ಕ ಭದ್ರಾವತಿಯ ನ್ಯೂಟೌನಿನಲ್ಲಿದ್ದಾಳೆ. ಹೋದ ವರ್ಷ ಅಕ್ಕನನ್ನು ನೋಡಲು ಇಬ್ಬರೂ ಬಸ್ ಹತ್ತಿದೆವು. ನಾನು ಮೊದಲು ಹತ್ತಿಬಿಟ್ಟೆ, ಅಭ್ಯಾಸ. ಅವಳಿಗೆ ಮೆಟ್ಟಿಲ ಮೇಲೆ ಒಂದು ಕಾಲು ಇಡಲು ಆಯಿತು. ಇನ್ನೊಂದು ಮೇಲಕ್ಕೆ ಬರಲಿಲ್ಲ. ಕಂಡಕ್ಟರ್ "ಬೇಗ ಅಜ್ಜಿ, ಬೇಗ, ಹಿಂದೆ ಬಸ್ ಬಂತು" ಅಂದ. ಯಾರೋ ಹಿಂದಿನಿಂದ ತಳ್ಳಿದರು. ಯಾರೋ ಮುಂದಿನಿಂದ ಎಳೆದರು. ಮೂಟೆ ಹತ್ತಿಸಿದ ಹಾಗೆ ಹತ್ತಿಸಿದರು. "ಬೇಗ ಅಜ್ಜಿ, ಬೇಗ" ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಅವತ್ತು ಕಿಟಕಿಯಾಚೆ ನೋಡುತ್ತಾ ಕೂತೆ.

ಭದ್ರಾವತಿಯಲ್ಲಿ ಇಳಿದ ಮೇಲೆ ಅವಳು ಸೆರಗು ಸರಿಮಾಡಿಕೊಂಡು, "ಇನ್ನು ನಾನು ಬಸ್ ಹತ್ತಲ್ಲ ರೀ" ಅಂದಳು. ಹತ್ತಲೂ ಇಲ್ಲ. ಅಕ್ಕನ ಮನೆಗೆ ಹೋಗುವುದು ನಿಂತಿತು. ಅಕ್ಕ ಮಹಡಿ ಕಟ್ಟಿಸಿದಳು. ಅದನ್ನು ಇವಳು ಫೋನಿನಲ್ಲಿ ಫೋಟೋ ನೋಡಿ ಮೆಚ್ಚಿದಳು. ಗೃಹಪ್ರವೇಶ ಗೊತ್ತಾದಾಗ ಅಕ್ಕ ಫೋನಿನಲ್ಲೇ ಹೇಳಿದಳು: "ನೀನು ಬರದೆ ನಾನು ಹಾಲು ಉಕ್ಕಿಸಲ್ಲ ಕಣೆ. ಒಲೆ ಮುಂದೆ ನೀನು ನನ್ನ ಪಕ್ಕ ನಿಲ್ಲಬೇಕು."

"ಬಾಡಿಗೆ ಕಾರು ಮಾಡೋಣ" ಅಂದೆ. ಮಗಳು ಆಸ್ಪತ್ರೆಯಲ್ಲಿ ನರ್ಸ್. ಅವಳು ಸಿರಿಂಜ್ ಹಿಡಿದವಳ ಹಾಗೆ ನೋಡಿದಳು. "ಬಾಡಿಗೆ ಒಂದು ದಿನಕ್ಕಪ್ಪ. ಅಮ್ಮನ ಮಂಡಿ ದಿನಾ ನೋಯುತ್ತೆ."

ಹೀಗೆ ಶುರುವಾಯಿತು.

ನಿಂತರೆ

ಮೊದಲು ಸವಳಂಗ ರಸ್ತೆಯ ಒಂದು ಶೋರೂಮಿಗೆ ಹೋದೆ. ಹೊಸ ಕಾರು ಕೊಳ್ಳುವ ಶಕ್ತಿ ಇರಲಿಲ್ಲ. ರೇಟು ಕೇಳಿಕೊಂಡು ಬಂದರೆ ಹಳೆಯದರ ರೇಟು ಅಂದಾಜಾಗುತ್ತದೆ ಎಂದು ಲೆಕ್ಕ. ಒಳಗೆ ಹೋದ ಕೂಡಲೆ ಎ.ಸಿ., ಗಾಜು, ಟೈ ಕಟ್ಟಿದ ಜನ. ನಾನು ಬಾಗಿಲ ಹತ್ತಿರವೇ ನಿಂತೆ. ಬಾಗಿಲ ಹತ್ತಿರ ನಿಂತೇ ಜೀವನ ಕಳೆದವನು.

ಒಬ್ಬ ಹುಡುಗಿ ಬಂದು, "ಬನ್ನಿ ಸರ್, ಕೂತ್ಕೊಳ್ಳಿ. ಬಜೆಟ್ ಎಷ್ಟು ಸರ್?" ಅಂದಳು.

ಸುಮ್ಮನಿದ್ದೆ. ಬಜೆಟ್ ಹೇಳಿದ್ದರೆ ಕಾಫಿ ಬರುತ್ತಿರಲಿಲ್ಲ. ಹೇಳದ್ದಕ್ಕೆ ಬಂತು. ಬಿಸ್ಕತ್ತೂ ಬಂತು. ಮಾತಾಡದವನು ದೊಡ್ಡ ಮನುಷ್ಯ ಎಂದು ಅವರು ತಿಳಿದರೆಂದು ಕಾಣುತ್ತದೆ. ಮ್ಯಾನೇಜರ್ ಕೂಡ ಎದ್ದು ಬಂದ. "ಸರ್ ಅಡಿಕೆನಾ?" ಅಂದ. ತೋಟದವರೋ ಎಂದು ಕೇಳಿದ್ದು. ನನ್ನ ಬಾಯಲ್ಲಿ ಅಡಿಕೆ ಇತ್ತು. ತಲೆ ಆಡಿಸಿದೆ.

ಅಲ್ಲಿಗೆ ಮರ್ಯಾದೆ ಇನ್ನೂ ಏರಿತು. ಒಂದು ದೊಡ್ಡ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಹುಡುಗಿ ಓಡಿಸುತ್ತಾ ಏನೇನೋ ಹೇಳಿದಳು, ಕ್ಯಾಮೆರಾ, ಏರ್‌ಬ್ಯಾಗ್, ಮೈಲೇಜು. ಇಳಿದ ಮೇಲೆ ಮ್ಯಾನೇಜರ್ ಕೈಕಟ್ಟಿ ನಿಂತು, "ಏನಾದ್ರೂ ಕೇಳೋದಿದ್ಯಾ ಸರ್?" ಅಂದ.

ಏನೂ ಕೇಳದಿದ್ದರೆ ಚೆನ್ನಾಗಿರುವುದಿಲ್ಲ ಅನಿಸಿತು. "ಎಷ್ಟು ಜನ ಹಿಡಿಯುತ್ತೆ?" ಅಂದೆ.

"ಐದು ಜನ ಸರ್, ಆರಾಮಾಗಿ."

"ನಿಂತರೆ?"

ಅಂದ ಮೇಲೆ ಗೊತ್ತಾಯಿತು ಏನು ಅಂದೆ ಅಂತ. ಕಾರಿನ ಗಾಜು ಒರೆಸುತ್ತಿದ್ದವನು ಒರೆಸುವುದು ನಿಲ್ಲಿಸಿದ. ಕಿವಿ ಬಿಸಿಯಾಗಿ ಚಪ್ಪಲಿ ನೋಡುತ್ತಾ ನಿಂತೆ. ಆದರೆ ಆ ಹುಡುಗಿ ಕೆಲಸ ಕಲಿತವಳು. ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳಿದಳು:

"ಒಬ್ಬರು ನಿಲ್ಲಬಹುದು ಸರ್. ಸನ್‌ರೂಫ್ ಇರೋ ಮಾಡೆಲ್‌ನಲ್ಲಿ. ಅದಕ್ಕೆ ರೇಟು ಸ್ವಲ್ಪ ಜಾಸ್ತಿ."

ಕೋಟೆಯ ಕಾರು

ಹಳೆಯ ಕಾರೇ ಸರಿ ಎಂದಾಯಿತು. ಕೋಟೆಯಲ್ಲಿ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟರು ತಮ್ಮ ಕಾರು ಕೊಡುತ್ತಾರೆ ಎಂದು ಮಗಳಿಗೆ ಯಾರೋ ಹೇಳಿದರು. ಮೇಷ್ಟರಿಗೆ ಕಣ್ಣಿನ ತೊಂದರೆ, ಓಡಿಸುವ ಹಾಗಿಲ್ಲ. ನಾನು, ಹೆಂಡತಿ, ಮಗಳು ಮೂವರೂ ಭಾನುವಾರ ಹೋದೆವು. ರಾಹುಕಾಲ ಕಳೆದ ಮೇಲೆ ಬನ್ನಿ ಎಂದು ಮೊದಲೇ ಹೇಳಿದ್ದರು.

ಹೋದರೆ ಜಗುಲಿಯ ಮೇಲೆ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಮೇಷ್ಟರು, ಅವರ ಹೆಂಡತಿ ಎದುರಿಗೆ ಕೂತರು. ಕಾರು ಕಾಣಲಿಲ್ಲ. ಒಳಗೆ ಶೆಡ್ಡಿನಲ್ಲಿತ್ತು.

"ನಮ್ಮಲ್ಲಿ ಬಹಳ ಜೋಪಾನವಾಗಿ ಬೆಳೆದದ್ದು," ಅಂದರು ಮೇಷ್ಟರು. "ಬಿಸಿಲಿಗೆ ಬಿಟ್ಟದ್ದಿಲ್ಲ. ಒಂದೇ ಒಂದು ಸಲ ಹೊರಗೆ ರಾತ್ರಿ ಇದ್ದದ್ದು, ಅದೂ ಧರ್ಮಸ್ಥಳದಲ್ಲಿ."

ನನ್ನ ಹೆಂಡತಿ "ಸಂತೋಷ" ಅಂದಳು.

"ನಿಮ್ಮಲ್ಲಿ ನೆರಳಿದೆಯಾ?"

"ಶೀಟ್ ಹಾಕಿಸ್ತೀವಿ" ಅಂದಳು ಮಗಳು.

"ಓಡಿಸೋರು ಯಾರು?"

"ನಾನೇ. ಕಲಿತಾ ಇದ್ದೀನಿ."

ಮೇಷ್ಟರು ತಮ್ಮ ಹೆಂಡತಿಯ ಮುಖ ನೋಡಿದರು. ಆಕೆ ನೆಲ ನೋಡಿದರು. ಆಮೇಲೆ ಮೇಷ್ಟರು ನನ್ನ ಕಡೆ ತಿರುಗಿ ವೃತ್ತಿ, ಸ್ವಂತ ಮನೆಯೇ, ಎಲ್ಲ ವಿಚಾರಿಸಿದರು. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಎಲ್ಲ ಆದ ಮೇಲೆ ಕಾರು ಈಚೆ ಬಂತು. ಹಣೆಗೆ ಕುಂಕುಮ ಇಟ್ಟಿದ್ದರು, ಕನ್ನಡಿಗೆ ಮಲ್ಲಿಗೆ. ಹೆಂಡತಿ ಸುಲಭವಾಗಿ ಹತ್ತಿ ಕೂತಳು, ಸುಲಭವಾಗಿ ಇಳಿದಳು. ನನಗೆ ಅಷ್ಟು ಸಾಕಿತ್ತು. ಆದರೂ ಇಂಥ ಕಡೆ ಆಡುವ ಮಾತು ಒಂದೇ ಅಲ್ಲವೇ. "ಮನೆಗೆ ಹೋಗಿ ಹೇಳಿ ಕಳಿಸ್ತೀವಿ" ಅಂದೆ.

ನಾವು ಹೇಳಿ ಕಳಿಸುವ ಮೊದಲೇ ಅವರ ಫೋನು ಬಂತು. ಹೆಂಡತಿ ತೆಗೆದುಕೊಂಡಳು. ಕೇಳಿ ಇಟ್ಟಳು.

"ಏನಂತೆ?"

"ಅವರ ಕಡೆ ಒಪ್ಪಿಗೆ ಇಲ್ಲವಂತೆ. ಮಗಳು, ನಾನು ಎಲ್ಲ ಸರಿ ಅಂತೆ. ಯಜಮಾನರು ಮಾತಾಡಲ್ಲ, ಹೇಗೆ ನೋಡ್ಕೋತಾರೋ ಅಂತ ಮೇಷ್ಟರ ಹೆಂಡತಿಗೆ ಭಯವಂತೆ."

ದುಡ್ಡು ಕೊಡುತ್ತೇನೆ ಎಂದವನನ್ನು ಒಂದು ಹಳೆಯ ಕಾರಿನವರು ಬೇಡ ಅಂದಿದ್ದರು. ಸುಮ್ಮನೆ ಹೋಗಿ ಗಿಡಕ್ಕೆ ನೀರು ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು:

"ನಮ್ಮಪ್ಪನೂ ಇಷ್ಟು ವಿಚಾರಿಸಬೇಕಿತ್ತು."

ಬ್ಯಾಂಕಿನಲ್ಲಿ

ಇದ್ದ ದುಡ್ಡು ಸಾಲದು. ಬ್ಯಾಂಕಿಗೆ ಹೋದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯ ಯಜಮಾನ ಸಾಲ ಕೇಳುವಾಗ ಹೇಗೆ ಕೂರಬೇಕೋ ಹಾಗೆ ಕೂತೆ. ಬೆನ್ನು ನೆಟ್ಟಗೆ. ಬ್ಯಾಂಕಿನ ಆಫೀಸರ್ ನನ್ನ ಆಧಾರ್ ನೋಡಿದ. ಇನ್ನೊಂದು ಸಲ ನೋಡಿದ. ಮೆಲ್ಲಗೆ ನನ್ನ ಕಡೆಗೇ ತಳ್ಳಿದ.

"ನಿಮ್ಮ ವಯಸ್ಸಿಗೆ ಆಗಲ್ಲ ಯಜಮಾನ್ರೇ."

ಮಗಳ ಸಂಬಳದ ಮೇಲೆ ಆಗಲೇ ಸ್ಕೂಟರಿನ ಸಾಲ ಇತ್ತು. ಅವಳೊಬ್ಬಳಿಗೆ ಕೇಳಿದಷ್ಟು ಕೊಡಲು ಬರುವುದಿಲ್ಲ ಅಂದ. ಆಗ ಹೆಂಡತಿ ಚೀಲದಿಂದ ತನ್ನ ಪಾಸ್‌ಬುಕ್ ತೆಗೆದಳು. ಅವಳು ಬೀದಿಯ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಾಳೆ. ಮೆಷಿನ್ನಿನ ಸದ್ದು ಮನೆಯಲ್ಲಿ ಯಾವಾಗಲೂ ಇರುತ್ತದೆ. ಆ ಸದ್ದು ಬ್ಯಾಂಕಿನಲ್ಲೂ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ನನಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳು, ವಯಸ್ಸಿನ ತಂಟೆಯೂ ಇಲ್ಲ. ಆಫೀಸರ್ ಪಾಸ್‌ಬುಕ್ ತಿರುವಿ ಹಾಕಿ ಕುರ್ಚಿಯನ್ನೇ ಅವಳ ಕಡೆ ತಿರುಗಿಸಿಕೊಂಡ.

"ಮೇಡಂ, ನೀವು, ಮಗಳು ಸೇರಿ ಅರ್ಜಿ ಹಾಕಿ. ಆಗುತ್ತೆ."

ಅಲ್ಲಿಂದ ಮುಂದೆ ಅವನು ನನ್ನ ಕಡೆ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಬರೆಯುತ್ತಾ ಕೇಳಿದ, "ಮನೆಯಲ್ಲಿ ನಿಮ್ಮನ್ನು ನಂಬಿಕೊಂಡಿರೋರು ಯಾರಾದ್ರೂ ಇದ್ದಾರಾ ಮೇಡಂ?"

ಹೆಂಡತಿ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಇವರೊಬ್ಬರೇ ಸರ್" ಅಂದಳು. ನನಗೆ ಬೇಸರವಾಯಿತೇನೋ ಎಂದು ತಕ್ಷಣ ಸೇರಿಸಿದಳು, "ಆದರೆ ಖರ್ಚು ಏನೂ ಇಲ್ಲ ಸರ್. ಊಟನೂ ಕಡಿಮೆ."

ಹಾಫ್ ಟಿಕೆಟ್

ಕೊನೆಗೆ ಕಾರು ಸಿಕ್ಕಿದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಹುಡುಕಿದವನು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಕಾರಿನ ಯಜಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಮನೆಮಾತು ತಮಿಳು. ಕಾರನ್ನೇ ಶಿವಮೊಗ್ಗಕ್ಕೆ ತಂದು ತೋರಿಸಲು ಒಪ್ಪಿದ. ಹೆಂಡತಿ ಬಸ್ ಹತ್ತುವುದಿಲ್ಲವಲ್ಲ.

ಷಡ್ಡಕ ಫೋನಿನಲ್ಲಿ ನನಗೆ ಪಾಠ ಮಾಡಿದ್ದ. "ಇಷ್ಟ ಆದ್ರೂ ತೋರಿಸಬೇಡಿ. ಮುಖ ಗಂಟು ಹಾಕ್ಕೊಳ್ಳಿ. ಏನಾದ್ರೂ ಕೊಂಕು ತೆಗೀತಾ ಇರಿ. ಆಗ ರೇಟು ಇಳಿಯುತ್ತೆ."

ಮುಖದ ತೊಂದರೆ ನನಗಿಲ್ಲ. ಅದು ಹುಟ್ಟಿನಿಂದಲೇ ಹಾಗಿದೆ. ಚೌಕಾಸಿ ಬರುವುದಿಲ್ಲ. ಕಂಡಕ್ಟರಿಗೆ ಚೌಕಾಸಿ ಎಲ್ಲಿಂದ ಬರಬೇಕು? ಟಿಕೆಟಿನ ಮೇಲೆ ಅಚ್ಚಾದದ್ದೇ ರೇಟು.

ಕಾರು ಮನೆ ಮುಂದೆ ಬಂದು ನಿಂತಿತು. ಬೂದಿ ಬಣ್ಣ, ಸಣ್ಣದು, ಚೊಕ್ಕಟವಾಗಿತ್ತು. ನಾನು ಸುತ್ತ ಒಂದು ಸಲ ಬಂದು, "ಬಣ್ಣ ಸರಿ ಇಲ್ಲ" ಅಂದೆ. ಅಷ್ಟರಲ್ಲಿ ಹೆಂಡತಿ ತಾನೇ ಬಾಗಿಲು ತೆಗೆದು ಕೂತಳು. ಇಳಿದಳು. ಮತ್ತೆ ಕೂತಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಒಳಗಿನಿಂದಲೇ, "ಇದೇ ಇರಲಿ ರೀ. ಇದೇ ಸಾಕು" ಅಂದಳು.

ಯಜಮಾನ ನಕ್ಕ. "ಅಮ್ಮನ ಮುಖ ನೋಡಿದ ಮೇಲೆ ನಾನ್ಯಾಕೆ ಸಾರ್ ರೇಟ್ ಇಳಿಸ್ಲಿ?" ಅಂದ. ಆಮೇಲೆ ನನ್ನ ಮುಖ ನೋಡಿದ. ನೋಡುತ್ತಲೇ ಇದ್ದ.

"ಸಾರ್, ನೀವು ಮುಂಚೆ ಬೆಳಗ್ಗೆ ಬಸ್ಸಿನ ಕಂಡಕ್ಟರ್ ಆಗಿದ್ದೋರಲ್ವಾ? ನನ್ನ ಮಗಳಿಗೆ ಫುಲ್ ಟಿಕೆಟ್ ಹರಿದೋರು?"

ನನಗೆ ನೆನಪಿರಲಿಲ್ಲ. ಅವನಿಗೆ ಚೆನ್ನಾಗಿ ನೆನಪಿತ್ತು.

"ಒಂಬತ್ತು ವರ್ಷ ಅಂದೆ ಸಾರ್. ನೀವು ಕೇಳಲೇ ಇಲ್ಲ. ಬಾಗಿಲ ಕಂಬಿ ಪಕ್ಕ ನಿಲ್ಲಿಸಿ ನೋಡಿದ್ರಿ. ಫುಲ್ ಅಂದ್ರಿ. ಇಡೀ ಬಸ್ಸು ನಮ್ಮನ್ನ ಕಳ್ಳರ ಥರ ನೋಡ್ತು."

"ಉದ್ದ ಇದ್ದಿರಬೇಕು" ಅಂದೆ.

"ಉದ್ದಾನೇ. ಈಗ್ಲೂ ಉದ್ದಾನೇ. ಗಂಡನಿಗಿಂತ ಉದ್ದ. ಆದ್ರೆ ಆಗ ಒಂಬತ್ತೇ ವರ್ಷ ಸಾರ್."

ಹೆಂಡತಿ ಕಾರಿನೊಳಗಿನಿಂದ, ಮಗಳು ಬಾಗಿಲಿನಿಂದ, ಪಕ್ಕದ ಮನೆಯವರು ಕಾಂಪೌಂಡಿನ ಮೇಲಿನಿಂದ ನನ್ನನ್ನು ನೋಡಿದರು. ಕೊಂಕು ತೆಗೆಯಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಅವನು ಕೇಳಿದ ರೇಟಿಗೇ ಒಪ್ಪಿಕೊಂಡೆ. ಆಗ ಅವನೇ ಅಂದ, "ಅಮ್ಮನಿಗೋಸ್ಕರ ಹತ್ತು ಸಾವಿರ ಬಿಡ್ತೀನಿ ಸಾರ್. ಆದ್ರೆ ಆ ಅರ್ಧ ಟಿಕೆಟ್ ದುಡ್ಡು ನನಗೆ ಬೇಕು. ಈಗಲೇ."

ಜೇಬು ತಡಕಿದೆ. "ಚಿಲ್ಲರೆ ಇಲ್ಲ" ಅಂದೆ.

"ಆವತ್ತೂ ಇದನ್ನೇ ಅಂದಿದ್ರಿ ಸಾರ್."

ಹೂವು

ಕಾರು ಬಂದ ವಾರ ಕೋಟೆಯ ದೇವಸ್ಥಾನದಲ್ಲಿ ಪೂಜೆ. ಮಗಳು ಅಷ್ಟರಲ್ಲಿ ಲೈಸೆನ್ಸ್ ತೆಗೆದುಕೊಂಡಿದ್ದಳು. ಊರೊಳಗೆ ಓಡಿಸುವಷ್ಟು ಬರುತ್ತಿತ್ತು. ಅರ್ಚಕರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಒಂದು ಸ್ವಲ್ಪ ಮುಂದೆ ತಗೊಳ್ಳಮ್ಮ" ಅಂದರು.

ಸ್ವಲ್ಪ ಎಷ್ಟು ಎಂದು ಅವರು ಹೇಳಲಿಲ್ಲ. ನಿಂಬೆಹಣ್ಣು ಹೋಯಿತು. ಅರ್ಚಕರು ಹಾರಿದರು. ಅದರಾಚೆ ಇದ್ದ ಹೂವಿನವಳ ಬುಟ್ಟಿಯೂ ಹೋಯಿತು. ಕಾರು ನಿಂತಾಗ ಹೂವಿನವಳು ತನ್ನ ಬುಟ್ಟಿಯ ಅಂಚು ಮಾತ್ರ ಹಿಡಿದುಕೊಂಡು ನಿಂತಿದ್ದಳು.

"ಬ್ರೇಕೇ ಒತ್ತಿದೆಯಪ್ಪ," ಅಂದಳು ಮಗಳು, "ಅದು ಬೇರೆ ಆಗಿತ್ತು."

ಹೂವಿನವಳು ಜಗಳ ಮಾಡಲಿಲ್ಲ. "ಬೋಣಿ ಹೊತ್ತು, ಎಲ್ಲಾ ತಗೊಂಡು ಹೋಗ್ರಿ" ಅಂದಳು. ಎಲ್ಲಾ ತಗೊಂಡೆವು. ಚೆಂಡು ಹೂವಿನ ಹಾರ, ಸೇವಂತಿಗೆ, ಮಲ್ಲಿಗೆ ಮಾರು. ಬಿಸಾಡಲು ಮನಸ್ಸಾಗದೆ ಹೆಂಡತಿ ಎಲ್ಲವನ್ನೂ ಕಾರಿಗೇ ಕಟ್ಟಿಸಿದಳು. ಮುಂದೆ, ಹಿಂದೆ, ಕನ್ನಡಿಗೆ, ಹ್ಯಾಂಡಲ್‌ಗೆ. ತಾನು ಮುಡಿದಳು, ಮಗಳಿಗೆ ಮುಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಉಳಿದ ಹಾರಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ದಾರಿಯಲ್ಲಿ ಜನ ದಾರಿ ಬಿಟ್ಟರು. ಒಬ್ಬ ಆಟೋದವನು ಕೈ ಮುಗಿದ. ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಬೇರೆ ಗಾಡಿಗಳನ್ನು ನಿಲ್ಲಿಸಿ ನಮ್ಮನ್ನು ಬಿಟ್ಟ. ಮಗಳಿಗೆ ಕ್ಲಚ್ ಸಿಗದೆ ಕಾರು ಅವನ ಮುಂದೆಯೇ ಆಫ್ ಆಯಿತು. ಅವನು ಬಗ್ಗಿ, "ಮದುವೆ ಗಾಡಿನಾ?" ಅಂದ.

ಮಗಳು ಕೀ ತಿರುಗಿಸುತ್ತಲೇ ಇದ್ದಳು. ಅವನು ಹಿಂದಿನ ಸೀಟಿನಲ್ಲಿ ನನ್ನ ಮುಖ ನೋಡಿದ. ಪಕ್ಕದವನಿಗೆ ಹೇಳಿದ:

"ಹೆಣ್ಣಿನ ತಂದೆ. ಬಿಡು, ಪಾಪ."

ಹಾಲು ಉಕ್ಕಿಸಿದ ದಿನ

ಗೃಹಪ್ರವೇಶದ ದಿನ ಮಗಳಿಗೆ ಡ್ಯೂಟಿ. ರಜೆ ಸಿಗಲಿಲ್ಲ. ಹೂವಿನ ಬುಟ್ಟಿಯ ಪ್ರಸಂಗ ಆದ ಮೇಲೆ ಅವಳಿಗೂ ಹೈವೇಯ ಧೈರ್ಯ ಇರಲಿಲ್ಲ. ನಾನು ನನ್ನ ಹಳೆಯ ಡ್ರೈವರಿಗೆ ಹೇಳಿದೆ. ಅವನು ಸ್ಟೇರಿಂಗಿನಲ್ಲಿ, ನಾನು ಬಾಗಿಲಲ್ಲಿ, ಒಂದೇ ಬಸ್ಸಿನಲ್ಲಿ ಮುದುಕರಾದವರು. ಅವನೂ ಈಗ ಮನೆಯಲ್ಲೇ ಇದ್ದ.

"ನೀನು ಕರೀಬೇಕಾ ಮಾರಾಯ," ಅಂದ. "ಆ ರಸ್ತೆ ನಾನು ಕಣ್ಣು ಮುಚ್ಚಿ ಓಡಿಸ್ತೀನಿ."

"ಬಿಟ್ಕೊಂಡು ಓಡಿಸು" ಅಂದೆ.

ಹೆಂಡತಿ ಅಂಚಿನ ಸೀರೆ ಉಟ್ಟು ಬೆಳಗ್ಗೆಯೇ ಸಿದ್ಧಳಾಗಿದ್ದಳು. ಮಂಡಿ ಚಾಚಿಕೊಳ್ಳಲು ಜಾಗ ಇರಲಿ ಎಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ನಾನು ಹಿಂದೆ, ಹಣ್ಣಿನ ಬುಟ್ಟಿಯ ಪಕ್ಕ. ನನ್ನ ಹೊಸ ಜುಬ್ಬದ ಜೇಬು ಜೋತುಬೀಳುತ್ತದೆ ಎಂದು ನನ್ನ ಫೋನು, ದುಡ್ಡು ಎರಡನ್ನೂ ಅವಳೇ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಡ್ರೈವರ್, "ಹಿಂದಿನ ಬಾಗಿಲು ಸರಿ ಕೂತಿಲ್ಲ, ಸದ್ದು ಬರ್ತಿದೆ" ಅಂದ. ಪಕ್ಕಕ್ಕೆ ನಿಲ್ಲಿಸಿದ. ಹೆಂಡತಿ ಮುಂದೆ ನೋಡುತ್ತಾ, ಅಕ್ಕನ ಮನೆಯ ಮಹಡಿಯ ಮೆಟ್ಟಿಲು ಎಷ್ಟಿರಬಹುದು ಎಂದು ಹೇಳುತ್ತಿದ್ದಳು. ನಾನು ಇಳಿದೆ. ಬಾಗಿಲನ್ನು ಪೂರ್ತಿ ತೆಗೆದು ಜೋರಾಗಿ ಹಾಕಿದೆ. ಸರಿಯಾಗಿ ಕೂತಿತು.

ಬಾಗಿಲು ಹಾಕಿದ ಮೇಲೆ ಕಂಡಕ್ಟರಿನ ಕೈ ಸುಮ್ಮನಿರುವುದಿಲ್ಲ. ಗಾಡಿಯ ಮೈ ಮೇಲೆ ಒಂದು ಸಲ ಬಡಿದರೆ ನಿಲ್ಲು. ಎರಡು ಸಲ ಬಡಿದರೆ ರೈಟ್, ಹೊರಡು. ನಾನು ಎರಡು ಸಲ ಬಡಿದೆ.

ಡ್ರೈವರ್ ಹೊರಟ. ಅವನದು ತಪ್ಪಲ್ಲ. ಆ ಎರಡು ಬಡಿತಕ್ಕೆ ಅವನ ಕಾಲು ಕ್ಲಚ್ ಬಿಡದೆ ಇದ್ದದ್ದೇ ಇಲ್ಲ. ಬಸ್ಸಾಗಿದ್ದರೆ ನಾನು ಕಂಬಿ ಹಿಡಿದು ಫುಟ್‌ಬೋರ್ಡಿಗೆ ಹಾರುತ್ತಿದ್ದೆ. ನನ್ನ ಕೈ ಕಂಬಿಗೆ ಹೋಯಿತು. ಕಾರಿಗೆ ಕಂಬಿ ಇಲ್ಲ. ನಾನು ಗಾಳಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದೆ. ಪಂಚೆ ಸುತ್ತಿಕೊಂಡಿತು. ಕಾರು ಸಣ್ಣದಾಗುತ್ತಾ ಹೋಯಿತು. ಒಳ್ಳೆಯ ಪಿಕ್‌ಅಪ್ ಇದೆ ಎಂದು ಆಗ ತಿಳಿಯಿತು.

ಕೂಗಬಹುದಿತ್ತು. ಕೂಗಿ ಅಭ್ಯಾಸವಿಲ್ಲ. ನನ್ನ ಹತ್ತಿರ ವಿಷಲ್ ಇರುತ್ತಿತ್ತು.

ಈಗ ತಿಳಿಯುತ್ತದೆ, ಈಗ ವಾಪಸ್ ಬರುತ್ತಾರೆ ಎಂದು ಹುಣಸೆ ಮರದ ಕೆಳಗೆ ನಿಂತೆ. ಬರಲಿಲ್ಲ. ಬಸ್ಸು ಬಂತು. ಕೈ ತೋರಿಸಿದೆ. ಕಂಡಕ್ಟರ್ ಹೊಸಬ. "ಬೇಗ ಅಜ್ಜ, ಬೇಗ" ಅಂದ. ಹತ್ತಿದೆ. ಟಿಕೆಟ್ ಅಂದ.

"ಸ್ಟಾಫ್" ಅಂದೆ.

ನನ್ನ ಜುಬ್ಬ, ಪಂಚೆ ನೋಡಿದ. "ಯಾವ ಬಸ್ಸು?"

ಹೇಳಿದೆ.

"ಆ ಬಸ್ಸು ಗುಜರಿಗೆ ಹೋಗಿ ಎಷ್ಟು ಕಾಲ ಆಯ್ತು ಯಜಮಾನ್ರೇ. ಸ್ಟಾಪೇ ಇಲ್ಲದ ಕಡೆ ರಸ್ತೇಲಿ ಏನ್ ಮಾಡ್ತಿದ್ರಿ?"

"ಕಾರು ಹೋಯ್ತು."

"ಕೆಟ್ಟು ಹೋಯ್ತಾ?"

"ಭದ್ರಾವತಿಗೆ ಹೋಯ್ತು."

"ಯಾರ ಕಾರು?"

"ನಮ್ಮದೇ."

"ನಿಮ್ಮ ಕಾರು ನಿಮ್ಮನ್ನ ಬಿಟ್ಟು ಯಾಕೆ ಹೋಯ್ತು?"

ಬೇರೆ ದಾರಿ ಇರಲಿಲ್ಲ. "ನಾನೇ ರೈಟ್ ಕೊಟ್ಟೆ" ಅಂದೆ.

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಕಂಡಕ್ಟರ್ ಆದ್ದರಿಂದ ಅರ್ಥವಾಯಿತು. ಕಂಬಿ ಹಿಡಿದುಕೊಂಡು ಬಗ್ಗಿ ನಕ್ಕ. ಹೋಗಿ ಡ್ರೈವರಿಗೆ ಹೇಳಿದ. ಡ್ರೈವರ್ ಬೋನೆಟ್ ಮೇಲೆ ಕೂತವರಿಗೆ ಹೇಳಿದ. ಮುಂದಿನಿಂದ ಹಿಂದಕ್ಕೆ ಸೀಟು ಸೀಟಿಗೆ ನಗು ಬಂತು. ನಾನು ಕೊನೆಯ ಸೀಟಿನ ಹತ್ತಿರ ಕಂಬಿಗೆ ಮುಖ ಇಟ್ಟುಕೊಂಡು ನಿಂತೆ. ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟಳು. "ಕೂತ್ಕೊಳ್ಳಿ ಅಜ್ಜ. ಇಳೀವಾಗ ಮಾತ್ರ ಏನೂ ಬಡೀಬೇಡಿ" ಅಂದಳು.

ನ್ಯೂಟೌನಿನಲ್ಲಿ ಇಳಿದು ನಡೆದೆ. ಅಕ್ಕನ ಮನೆ ಮುಂದೆ ಶಾಮಿಯಾನ, ಅದರ ನೆರಳಿನಲ್ಲಿ ನಮ್ಮ ಕಾರು. ಷಡ್ಡಕ ಗೇಟಿನಲ್ಲೇ ಇದ್ದ. ನನ್ನನ್ನು ನೋಡಿ ಪನ್ನೀರು ಚಿಮುಕಿಸುವುದನ್ನೇ ಮರೆತ.

ಆದದ್ದನ್ನು ಅವನೇ ಹೇಳಿದ. ಕಾರು ಬಂದು ನಿಂತಿದೆ. ನನ್ನ ಹೆಂಡತಿ ಯಾರ ಕೈಯನ್ನೂ ಹಿಡಿಯದೆ, ಎಲ್ಲರೂ ನೋಡುವ ಹಾಗೆ ಇಳಿದಿದ್ದಾಳೆ. ಅಕ್ಕ ಓಡಿ ಬಂದು ತಬ್ಬಿಕೊಂಡು, "ಯಜಮಾನರೆಲ್ಲಿ?" ಅಂದಿದ್ದಾಳೆ. "ಹಿಂದೆ ಇದ್ದಾರೆ" ಎಂದು ಇವಳು ಒಳಗೆ ಹೊರಟೇಬಿಟ್ಟಿದ್ದಾಳೆ. ಷಡ್ಡಕ ಮರ್ಯಾದೆಗೆ ಹಿಂದಿನ ಬಾಗಿಲು ತೆಗೆದು, "ಬರಬೇಕು, ಬರಬೇಕು" ಎಂದು ಬಗ್ಗಿದ್ದಾನೆ. ಹಣ್ಣಿನ ಬುಟ್ಟಿ ಇತ್ತು.

"ಹಾಲು?" ಅಂದೆ.

"ಉಕ್ಕಿತು. ಅಕ್ಕತಂಗಿ ಇಬ್ಬರೂ ಒಲೆ ಮುಂದೆ ನಿಂತಿದ್ರು. ನಿಮಗೆ ಕಾಯೋಣ ಅಂದೆ ನಾನು. ನಿಮ್ಮವಳೇ, ಅವರು ಈ ರೂಟಲ್ಲಿ ತಪ್ಪಿಸಿಕೊಳ್ಳೋದಿಲ್ಲ, ಬರ್ತಾರೆ, ಮುಹೂರ್ತ ಮೀರಬಾರದು ಅಂದ್ಳು."

ಒಂದು ಭಾರ ಇಳಿಯಿತು. ಕಾರು ತಂದದ್ದು ಅದಕ್ಕೇ. ನಾನು ಅದರಲ್ಲಿ ಬರಬೇಕೆಂದೇನೂ ಇರಲಿಲ್ಲ.

ಡ್ರೈವರ್ ಶಾಮಿಯಾನದ ಮೂಲೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ. ನನ್ನನ್ನು ನೋಡಿ ಎದ್ದ. ಮತ್ತೆ ಕೂತ.

"ಎರಡು ಸಲ ಬಡಿದೆ ನೀನು" ಅಂದ.

"ಗೊತ್ತು."

"ನೀನು ಬಡಿದ ಮೇಲೆ ಹಿಂದೆ ನೋಡಿ ನನಗೆ ಅಭ್ಯಾಸ ಇಲ್ಲ."

"ಗೊತ್ತು ಮಾರಾಯ. ಅಷ್ಟು ದೂರ ಬಂದಿರಿ, ನಾನು ಇಲ್ಲ ಅಂತ ಇಬ್ಬರಿಗೂ ತಿಳೀಲಿಲ್ವಾ?"

"ಹೇಗೆ ತಿಳೀಬೇಕು? ನಿನ್ನ ಹೆಂಡತಿ ದಾರಿಯುದ್ದಕ್ಕೂ ನಿನ್ನ ಹತ್ತಿರ ಮಾತಾಡ್ತಿದ್ರು. ನೀನು ಸುಮ್ಮನಿದ್ದೆ. ಯಾವಾಗ್ಲೂ ಇರೋ ಹಾಗೆ." ಕಾಫಿ ಒಂದು ಗುಟುಕು ಕುಡಿದು, ದನಿ ಇಳಿಸಿದ. "ಸೇತುವೆ ದಾಟಿದ ಮೇಲೆ ನಿನ್ನ ಬಗ್ಗೆ ಬಹಳ ಒಳ್ಳೆ ಮಾತು ಆಡಿದ್ರು ಮಾರಾಯ. ನಾನು ಗೇರ್ ಬದಲಾಯಿಸೋದೇ ಮರೆತೆ."

"ಏನಂದಳು?"

"ಅದು ನಿನಗೆ ಹೇಳಿದ್ದು. ಕದ್ದು ಕೇಳಿದ್ದನ್ನ ನಾನು ಹೇಳೋದು ಸರಿಯಲ್ಲ."

ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಊಟಕ್ಕೆ ಎಲೆ ಹಾಕಿದಾಗ ಹೆಂಡತಿಯ ಪಕ್ಕ ಹೋಗಿ ಕೂತೆ. ಅವಳು ಮುಸ್ಸಂಜೆಯವರೆಗೂ ಮಾತು ಮುಗಿಯದವಳ ಹಾಗೆ ಅಕ್ಕನ ಜೊತೆ ಮಾತಾಡುತ್ತಿದ್ದಳು. ಮುಖ ಬೆಳಗುತ್ತಿತ್ತು. ಪಾಯಸ ಬರುವವರೆಗೆ ಕಾದೆ. ಇಂಥದ್ದನ್ನು ಅವಳ ಹತ್ತಿರ ಎಂದೂ ಕೇಳಿದವನಲ್ಲ.

"ಕಾರಿನಲ್ಲಿ ಏನೋ ಹೇಳಿದೆಯಂತೆ."

"ಹೇಳಿದೆ."

"ಏನು?"

"ಹೇಳಿ ಆಯ್ತಲ್ಲ ರೀ."

"ನಾನು ಇರಲಿಲ್ಲ."

ಅವಳು ಪಾಯಸದ ದೊನ್ನೆ ಕೆಳಗಿಟ್ಟಳು. ಕೋಪವೇನೂ ಇರಲಿಲ್ಲ. "ಅದು ನನಗೆ ಹೇಗೆ ಗೊತ್ತಾಗಬೇಕು?" ಅಂದಳು. "ಇದ್ದಾಗಲೂ ಹಾಗೇ ಇರ್ತೀರಲ್ಲ."

ಸುತ್ತ ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನು ಎಲೆಯ ಮೇಲೆ ಬಗ್ಗಿ ಅನ್ನ ಕಲಸಿದೆ. ಸಾರು ಹಾಕಿಸಿಕೊಂಡಿರಲಿಲ್ಲ.

ವಾಪಸ್ ಹೊರಟಾಗ ಅವಳು ಮುಂದೆ ಕೂರಲಿಲ್ಲ. ಅಕ್ಕ ತಿಂಡಿ ತುಂಬಿ ವಾಪಸ್ ಕೊಟ್ಟ ಬುಟ್ಟಿಯನ್ನು ಡ್ರೈವರಿನ ಪಕ್ಕ ಇರಿಸಿ, ತಾನು ಹಿಂದೆ ನನ್ನ ಪಕ್ಕ ಕೂತಳು. ಕತ್ತಲಾಗುತ್ತಿತ್ತು. ಅವಳು ಏನೇನೋ ಹೇಳುತ್ತಾ ಬಂದಳು. ನಡುನಡುವೆ ನಿಲ್ಲಿಸಿ, ಮೊಣಕೈಯಿಂದ ತಿವಿದು, "ಹ್ಞೂಂ ಅನ್ನಿ" ಅನ್ನುತ್ತಿದ್ದಳು. ಇದ್ದೇನೆ ಎಂದು ಗೊತ್ತಾಗಲಿ ಎಂದು ನಾನು ಪ್ರತಿ ಸಲವೂ ಹ್ಞೂಂ ಅಂದೆ.

ಏನೇನಕ್ಕೆ ಒಪ್ಪಿಕೊಂಡಿದ್ದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು.